‘ಗಂಡ ಬಿಟ್ಟಾಕಿ ಚಟ್ನಿ’ ಅಂತ ಹೆಸರ ಇಡ್ಲೇನ್ರಿ ಅಕ್ಕಾರ?

ಈಚೆಗೆ ನನ್ನ ಬಳಿ ಆನ್‌ಲೈನ್ ವ್ಯಾಪಾರ ಶುರು ಮಾಡುವವರು ಜಾಸ್ತಿ ಬರುತ್ತಿದ್ದಾರೆ. ಸಾಲ, ಜಿಎಸ್‌ಟಿ ಕೇಳೋಕೆ ಆಪ್ತಸಲಹೆಗಾರರ ಹತ್ತಿರ ಯಾರೂ ಬರುವುದಿಲ್ಲ. ಬರುವುದು ಹೆಸರಿನ ಜಗಳ ಹೊತ್ತುಕೊಂಡು. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟ ಹುಡುಗ ‘ಫೇಲಾದಂವ’ ಅಂತ ಟೀ ಶರ್ಟ್ ಮಾರುತ್ತೇನೆ ಅನ್ನುತ್ತಾನೆ, ಅಪ್ಪ ಮಾತು ಬಿಡುತ್ತಾರೆ. ಸೊಸೆ ಉಪ್ಪಿನಕಾಯಿಗೆ ‘ಅತ್ತಿ ಕಾಟ’ ಅಂತ ಹೆಸರಿಡುತ್ತಾಳೆ, ಅತ್ತೆ ಬೀದಿಗೆ ಬರುತ್ತಾರೆ. ಜನರ ನೆನಪಲ್ಲಿ ಉಳಿಯುವ ಹೆಸರು ಬೇಕು ಅನ್ನುವುದು ಎಲ್ಲರ ವಾದ. ತಪ್ಪೇನಿಲ್ಲ. ದಿನಕ್ಕೆ ನೂರು ರೀಲ್ಸ್ ಜಾರಿಸುವ ಬೆರಳನ್ನು ನಿಲ್ಲಿಸೋದು ಸುಲಭವಲ್ಲ.

ಅದರಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ನಾನು ಕೊಟ್ಟ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವ ಕಿರಿಯ ಗೆಳತಿ ಇವತ್ತಿಗೂ ಒಪ್ಪಿಲ್ಲ. ಗುರುತು ಸಿಗಬಾರದು ಅಂತ ವಿವರಗಳನ್ನು ಬದಲಿಸಿದ್ದೇನೆ. ವ್ಯಾಪಾರದ ಹೆಸರೂ ಸ್ವಲ್ಪ ಬೇರೆ, ಖಾರ ಮಾತ್ರ ಅಷ್ಟೇ.

ಅವರು ಮೂವತ್ತರ ಆಸುಪಾಸಿನವರು. ಮದುವೆ ಮುರಿದು ಹುಬ್ಬಳ್ಳಿ ಕಡೆಯ ತವರಿಗೆ ಬಂದಿದ್ದರು. ಮನೆಯಲ್ಲಿ ತಾಯಿ ಒಬ್ಬರೇ. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿಯಾಗಿತ್ತು. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡುವುದರಲ್ಲಿ ಎತ್ತಿದ ಕೈ. ಒಂದು ದಿನ ಕಲ್ಲಲ್ಲಿ ಕುಟ್ಟುತ್ತಾ ವಿಡಿಯೋ ಹಾಕಿದಾಗ ಯಾರೋ ಕೆಳಗೆ ‘ಗಂಡ ಬಿಟ್ಟಾಕಿ ಚಟ್ನಿ ಯಾರಿಗೆ ಬೇಕವಾ’ ಅಂತ ಬರೆದರು. ಇವರು ಅದನ್ನೇ ಎತ್ತಿಕೊಂಡು ಪುಟದ ಹೆಸರು ಮಾಡಲು ಹೊರಟರು. ಲೋಗೋ ಕೂಡ ತಯಾರು: ಒನಕೆ ಹಿಡಿದ ಹೆಂಗಸು. ನಿಜ ಹೇಳಬೇಕಂದ್ರೆ, ನೋಡಿದ ಕೂಡಲೇ ನನಗೂ ನಗು ಬಂತು. ಚೆನ್ನಾಗಿತ್ತು.

“ಬೇವಕೂಫ್ ಅಂತ ಹೆಸರಿಟ್ಕೊಂಡು ಮುಂಬೈದಾಗ ಬಟ್ಟಿ ಮಾರಾಕತ್ತಾರ್ರಿ. ಅವ್ರಿಗೆ ಏನಾತು?” ಅಂತ ಕೇಳಿದರು.

ಏನೂ ಆಗಲಿಲ್ಲ, ನಿಜ. 2012ರಲ್ಲಿ ಶುರುವಾದ ಆ ಕಂಪನಿ ದೊಡ್ಡದಾಗಿಯೇ ಬೆಳೆಯಿತು. ಆದರೆ ಬೇವಕೂಫ್ ಅಂದ್ರೆ ಯಾರು? ಶರ್ಟ್ ಹಾಕಿಕೊಂಡವನು, ಅವನ ಗೆಳೆಯ, ನಾನು, ನೀವು, ಎಲ್ಲರೂ. ಯಾರ ಮನೆಗೂ ಅದು ಅಂಟುವುದಿಲ್ಲ. ಇವರ ಹೆಸರು ಒಂದೇ ಮನೆಗೆ ಅಂಟುತ್ತಿತ್ತು.

ಕಾನೂನು ಅಡ್ಡ ಬರುತ್ತದೆಯೇ ಅಂತ ಅವರು ಮೊದಲು ಕೇಳಿದ್ದರು. ಅದು ವಕೀಲರ ಕೆಲಸ, ನನಗೆ ಗೊತ್ತಿರುವುದು ಇಷ್ಟೇ: 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ ಯಾವುದೇ ಗುಂಪಿನ ಧಾರ್ಮಿಕ ಭಾವನೆಗೆ ನೋವು ಮಾಡುವ ಅಥವಾ ಅಶ್ಲೀಲವಾದ ಹೆಸರು ನೋಂದಣಿಯಾಗುವುದಿಲ್ಲ. ದೇವರ ಹೆಸರು, ಜಾತಿ ಬೈಗುಳ ಹಿಡಿದು ಬಂದವರಿಗೆ ನಾನು ಇದನ್ನೇ ಹೇಳಿ ಕಳಿಸುತ್ತೇನೆ. ಊದಿನಕಡ್ಡಿಗೆ ‘ರಾಮಾಯಣ’ ಅನ್ನುವ ಹೆಸರನ್ನು ಒಬ್ಬರದೇ ಸ್ವತ್ತು ಮಾಡಿಕೊಳ್ಳಲು ಆಗದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಇವರ ಹೆಸರಿಗೆ ಆ ತೊಂದರೆ ಇರಲಿಲ್ಲ. ಇದ್ದದ್ದು ಬೇರೆ.

ಎರಡನೇ ಸಲ ಬಂದಾಗ ನಾನು ಒಂದು ಖಾಲಿ ಹಾಳೆ ಕೊಟ್ಟೆ. ಪ್ಯಾಕೆಟ್ ಮೇಲಿನ ಲೇಬಲ್ ಬರೀರಿ ಅಂದೆ. ಆಹಾರ ಮಾರುವವರು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಹಾಕಬೇಕು, ತಯಾರಿಸಿದವರ ಹೆಸರು ಮತ್ತು ಪೂರ್ತಿ ವಿಳಾಸವೂ ಇರಬೇಕು. ಅವರಿಗೆ ಇದೆಲ್ಲ ಗೊತ್ತಿತ್ತು, ಓದಿಕೊಂಡಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ‘ಗಂಡ ಬಿಟ್ಟಾಕಿ ಚಟ್ನಿ’ ಅಂತ ಬರೆದರು. ಒನಕೆ ಬರೆದರು. ತೂಕ, ಬೆಲೆ, ಮಾಡಿದ ತಾರೀಖು. ಆಮೇಲೆ ವಿಳಾಸ. ತಾಯಿಯ ಹೆಸರು, ಮನೆ ನಂಬರು, ಓಣಿ.

ಓಣಿಯ ಹೆಸರು ಬರೆದು ಪೆನ್ನು ನಿಂತಿತು.

ನಾನು ಕೇಳಿದೆ: “ಕ್ಯಾಶ್ ಆನ್ ಡೆಲಿವರಿ ಇಡ್ತೀರಲ್ಲ. ಗಿರಾಕಿ ಬೇಡ ಅಂದ ಪಾರ್ಸೆಲ್ ಎಲ್ಲಿಗೆ ವಾಪಸ್ ಬರುತ್ತೆ?”

“ಇಲ್ಲೇ ಬರ್ತೈತ್ರಿ.”

“ಆಗ ನೀವು ಮನೇಲಿ ಇರಲ್ಲ ಅಂತಿಟ್ಕೊಳ್ಳಿ.”

ಸುಮ್ಮನೆ ಕೂತರು. ಆಮೇಲೆ ಹೇಳಿದ ಮಾತು ಇದು: “ನನ್ನಷ್ಟಕ್ಕ ನಾನ ಅನ್ಕೊಂಡ್ರ ನಗು ಬರ್ತೈತ್ರಿ ಅಕ್ಕಾರ. ಅದನ್ನ ಆ ಕೊರಿಯರ್ ಹುಡುಗ ನಮ್ಮವ್ವನ ಬಾಗ್ಲಾಗ ನಿಂತು ಒದರಿದ್ರ, ನಾ ಅವನ್ನ ಹೊಡದ ಬಿಡ್ತೇನಿ.”

ಹೇಳಿದ ಮೇಲೆ ಅವರಿಗೇ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆ ತನಕ ಅವರು ತಾಯಿಯ ಮಾತೇ ಎತ್ತಿರಲಿಲ್ಲ. ಮಗಳು ಗಂಡನ ಮನೆ ಬಿಟ್ಟು ಬಂದ ಮೇಲೆ ತಾಯಿ ಗುಡಿಗೆ ಹೋಗುವ ದಾರಿ ಬದಲಿಸಿದ್ದಾರೆ, ಹಾಲಿನವನ ಹತ್ತಿರ ನಿಂತು ಮಾತಾಡುವುದು ಬಿಟ್ಟಿದ್ದಾರೆ. ಇದೆಲ್ಲ ಅವತ್ತು ಹೊರಬಂತು. ಬೈಗುಳ ತಿಂದವರು ಇಬ್ಬರು. ಅದನ್ನು ಎದೆಯ ಮೇಲೆ ಬಿಲ್ಲೆ ಹಾಗೆ ಹಚ್ಚಿಕೊಳ್ಳಲು ತಯಾರಿದ್ದವರು ಒಬ್ಬರೇ.

ನಾನು ಕೊಟ್ಟ ಸಲಹೆ ಹೀಗಿತ್ತು. ಆ ಮಾತನ್ನು ಬಿಡಬೇಡಿ, ಆದರೆ ಅಂಗಡಿಯ ಹೆಸರು ಮಾಡಬೇಡಿ. ವಿಡಿಯೋದಲ್ಲಿ ಹೇಳಿ, ಬೈದವರಿಗೆ ಅಲ್ಲೇ ಉತ್ತರ ಕೊಡಿ. ವಿಡಿಯೋ ಬೇಡ ಅನಿಸಿದ ದಿನ ಅಳಿಸಬಹುದು. ಲೇಬಲ್, ಬ್ಯಾಂಕ್ ಖಾತೆ, ಯುಪಿಐ, ಕೊರಿಯರ್ ಚೀಟಿಯಲ್ಲಿ ಹೋದ ಹೆಸರನ್ನು ಹಾಗೆ ಅಳಿಸಲು ಆಗಲ್ಲ. ಟ್ರೇಡ್‌ಮಾರ್ಕ್ ಒಮ್ಮೆ ಸಿಕ್ಕರೆ 10 ವರ್ಷ. ಅಷ್ಟು ದಿನ ಈ ಸಿಟ್ಟು ಇಷ್ಟೇ ಬಿಸಿಯಾಗಿ ಇರುತ್ತದೆಯೇ? ಇರಬಾರದು ಅಂತಲೇ ಅಲ್ವಾ ಅವರು ನನ್ನ ಹತ್ತಿರ ಬಂದದ್ದು.

ಇನ್ನೊಂದು ಕಾರಣ ತುಂಬಾ ಒಣ ಕಾರಣ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಲ್ಲಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದರೂ ಎರಡನೇ ಹಂತಕ್ಕೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ಆ ನಡುವೆ ಒಬ್ಬರು ಒಪ್ಪಿಗೆ ವಾಪಸ್ ತೆಗೆದುಕೊಂಡರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆ ಕಡೆಯವರ ಫೋನಿಗೆ ಒನಕೆ ಹಿಡಿದ ಲೋಗೋ ಹೋಗಿ ಮುಟ್ಟಿದರೆ ಏನಾಗುತ್ತಿತ್ತೋ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಚಟ್ನಿ ಮಾರುವ ಹುಡುಗಿಗೆ ಬೇಕಿರಲಿಲ್ಲ.

ನನ್ನ ಗೆಳತಿ ಹೇಳುವುದು: “ನೀವು ಊರಿನ ಬಾಯಿಗೆ ಹೆದರಿ ಅವರ ಬಾಯಿ ಮುಚ್ಚಿಸಿದ್ರಿ.” ಈ ಮಾತಿನಲ್ಲಿ ಹುರುಳಿದೆ. ಬೈದವರ ಮಾತನ್ನೇ ಕಿತ್ತುಕೊಂಡು ಅವರ ಮುಂದೆ ಹಿಡಿದರೆ ಮುಳ್ಳು ಮೊಂಡಾಗುತ್ತದೆ, ಒಪ್ಪುತ್ತೇನೆ. ಹಾಗಂತಲೇ ‘ಫೇಲಾದಂವ’ ಹುಡುಗನಿಗೆ ಧೈರ್ಯವಾಗಿ ಇಡಪ್ಪಾ ಅಂದೆ. ಅವನ ಕಾಲೇಜು ಮುಗಿದ ಕತೆ, ಅಪ್ಪನೂ ಒಂದು ದಿನ ಆ ಶರ್ಟ್ ಹಾಕಿಕೊಂಡಾರು. ಇವರದು ಇನ್ನೂ ನಡೆಯುತ್ತಿದ್ದ ಕತೆ. ಪೆನ್ನು ನಿಂತದ್ದು ನನ್ನ ಹೆದರಿಕೆಯಿಂದ ಅಲ್ಲ. ಓಣಿಯ ಹೆಸರು ಬರೆದ ಮೇಲೂ ಅವರು ನಗುತ್ತಲೇ ಇದ್ದಿದ್ದರೆ ನಾನೇ ಮೊದಲ ಗಿರಾಕಿ ಆಗುತ್ತಿದ್ದೆ.

ಹೆಸರಿನ ಗೊಂದಲದಲ್ಲಿರುವ ಓದುಗರೇ, ನೀವೂ ಇದನ್ನೇ ಮಾಡಿ ನೋಡಿ. ಗೆಳೆಯರ ಗುಂಪಲ್ಲಿ ಹೆಸರು ಹೇಳಿ ನಗಿಸುವುದು ಪರೀಕ್ಷೆ ಅಲ್ಲ. ಪೂರ್ತಿ ಲೇಬಲ್ ಕೈಯಿಂದ ಬರೀರಿ. ಅದರ ಮೇಲೆ ಯಾರ ವಿಳಾಸ ಇದೆಯೋ ಅವರಿಗೆ ಓದಿ ಹೇಳಿ. ಬ್ಯಾಂಕಿನ ಕೌಂಟರಿನಲ್ಲಿ ನಿಂತು ಆ ಹೆಸರು ಹೇಳುವುದನ್ನು ಊಹಿಸಿಕೊಳ್ಳಿ. ಆಮೇಲೂ ಬೇಕು ಅನಿಸಿದರೆ ಇಡಿ, ಊರು ಏನಾದರೂ ಅನ್ನಲಿ.

ಅವರು ಕೊನೆಗೆ ಇಟ್ಟದ್ದು ‘ಖಮಂಗ’ದ (ಘಮಘಮ ಅಂತ ಅರ್ಥ) ಹಾಗಿನ ಒಂದು ಹೆಸರು. ಸಪ್ಪೆ. ಅಂಥ ಹೆಸರಿನ ಹತ್ತು ಅಂಗಡಿ ನಮ್ಮ ಕಡೆಯೇ ಸಿಗುತ್ತವೆ. ವಿಡಿಯೋಗಳಿಗೆ ಬಂದಷ್ಟು ಜನ ಆರ್ಡರ್‌ಗೆ ಬರುತ್ತಿಲ್ಲ ಅಂತ ಅವರು ಗೊಣಗುತ್ತಾರೆ. ಆ ನಷ್ಟ ಸುಳ್ಳಲ್ಲ. ವಿಚ್ಛೇದನ ಆಯಿತು. ಮೊನ್ನೆ ಫೋನ್ ಮಾಡಿ, ಈಗಾದರೂ ಹಳೇ ಹೆಸರು ಇಡಲಾ ಅಂತ ಕೇಳಿದರು. ತಾಯಿ ಏನಂತಾರೆ ಅಂದೆ. ಇನ್ನೂ ಕೇಳಿಲ್ಲವಂತೆ.