ಓದುಗರ ಪ್ರಶ್ನೆ: ಸ್ವಂತ ಲ್ಯಾಪ್‌ಟಾಪಿನಲ್ಲಿ ಮೀಡಿಯಾವಿಕಿ

ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಕೋಡ್ ಇಳಿಸಿಕೊಂಡು, ತಿದ್ದಿ, ವಾಪಸ್ ಕೊಡಬಹುದು. ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇವೆ. ಪ್ರಿಂಟರ್, ವೈಫೈ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಮೀಡಿಯಾವಿಕಿಗೆ ಕೋಡ್ ಬರೆಯುವ ಆಸೆ ಇದೆ. ಒಂದು ವಿಡಿಯೊ ನೋಡಿ ಝಾಂಪ್ (ಪಿಎಚ್‌ಪಿ, ವೆಬ್ ಸರ್ವರ್, ಡೇಟಾಬೇಸ್ ಒಟ್ಟಿಗೆ ಸಿಗುವ ಕಟ್ಟು) ಹಾಕಿಕೊಂಡೆ. ಪಿಎಚ್‌ಪಿ ಆವೃತ್ತಿ ಸರಿಯಿಲ್ಲ ಎನ್ನುತ್ತಿದೆ. ನನ್ನದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಸಾಕಾ?
— ಬಿಸಿಎ ವಿದ್ಯಾರ್ಥಿನಿ, ಶಿರಸಿ

ಧಾರಾಳವಾಗಿ ಸಾಕು. ಝಾಂಪ್ ಮಾತ್ರ ತೆಗೆದುಬಿಡಿ. ಅದು ಕೆಟ್ಟದ್ದು ಅಂತಲ್ಲ. ಮೀಡಿಯಾವಿಕಿ ಬರೆದಿರುವ ಭಾಷೆ ಪಿಎಚ್‌ಪಿ. ಝಾಂಪ್ ಒಳಗಿನ ಪಿಎಚ್‌ಪಿ ಪಕ್ಕದ ಮನೆಯವರ ಅಳತೆಗೆ ಹೊಲಿಸಿದ ಅಂಗಿ ಇದ್ದಂತೆ. ಮೀಡಿಯಾವಿಕಿಯ ಹೊಸ ಕೋಡ್ ಕೇಳುವ ಆವೃತ್ತಿ ಅದರಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಬಳಸಿದರೆ ಸರಿಯಾದ ಪಿಎಚ್‌ಪಿ, ಅದಕ್ಕೆ ಬೇಕಾದ ಜೋಡಣೆಗಳ ಜೊತೆಗೇ ಬರುತ್ತದೆ.

ವಿಂಡೋಸ್‌ನಲ್ಲಿ ಮೊದಲು ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿ, ಅದರೊಳಗೆ ಉಬುಂಟು ಎಂಬ ಲಿನಕ್ಸ್ ಹಾಕಿ. ಆಮೇಲೆ ಡಾಕರ್ ಡೆಸ್ಕ್‌ಟಾಪ್. ಕೋಡನ್ನು ಉಬುಂಟುವಿನ ಹೋಮ್ ಫೋಲ್ಡರಿಗೇ ಇಳಿಸಿಕೊಳ್ಳಿ, ಸಿ ಡ್ರೈವಿಗೆ ಬೇಡ. ಸಿ ಡ್ರೈವಿನಲ್ಲಿದ್ದರೆ ಪ್ರತಿ ಕಡತಕ್ಕೂ ಲಿನಕ್ಸ್‌ನಿಂದ ವಿಂಡೋಸ್‌ಗೆ ದಾಟಿ ಬರಬೇಕು. ಮೀಡಿಯಾವಿಕಿಯಲ್ಲಿ ಸಾವಿರಾರು ಕಡತಗಳಿವೆ. ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಲ್ಯಾಪ್‌ಟಾಪ್ ನಿಧಾನ ಎಂದು ಬೈಯುವವರಲ್ಲಿ ಹಲವರ ಸಮಸ್ಯೆ ಇಷ್ಟೇ.

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಿಂದ ಪ್ರತಿ ಇಳಿಸಿಕೊಳ್ಳುವಾಗ, ಅಂದರೆ ಗಿಟ್ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಸೇರಿಸಿ. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವನ್ನೆಲ್ಲ ಮೊಬೈಲ್ ಡೇಟಾದಲ್ಲಿ ಎಳೆದುಕೊಳ್ಳುವ ಅಗತ್ಯ ಈಗ ಇಲ್ಲ. ಮುಂದೆ ಬೇಕಾದರೆ ಅನ್‌ಶಾಲೋ ಆಜ್ಞೆ ಕೊಟ್ಟು ತರಿಸಿಕೊಳ್ಳಬಹುದು.

ಕೋಡಿನ ಜೊತೆಗೆ ಡೆವಲಪರ್ಸ್ ಡಾಟ್ ಎಂಡಿ ಎಂಬ ಕಡತ ಬರುತ್ತದೆ. ವಿಡಿಯೊ ಬಿಟ್ಟು ಇದನ್ನು ಓದಿ. ವಿಡಿಯೊ ಹಳತಾಗುತ್ತದೆ, ಈ ಕಡತವನ್ನು ಕೋಡಿನ ಜೊತೆಗೇ ತಿದ್ದುತ್ತಾ ಬರುತ್ತಾರೆ. ಡಾಟ್ ಇಎನ್‌ವಿ ಹೆಸರಿನ ಪುಟ್ಟ ಕಡತವನ್ನು ನೀವೇ ಮಾಡಬೇಕು, ಅದರಲ್ಲಿ ಏನಿರಬೇಕು ಎಂಬುದು ಅಲ್ಲೇ ಇದೆ. ಲಿನಕ್ಸ್‌ನಲ್ಲಿ ನಿಮ್ಮ ಯೂಸರ್ ಐಡಿ, ಗ್ರೂಪ್ ಐಡಿಗಳನ್ನೂ ತುಂಬಿಸಿ. ಬಿಟ್ಟರೆ ‘ಪರ್ಮಿಷನ್ ಡಿನೈಡ್’ ಕಾಟ ಶುರುವಾಗುತ್ತದೆ. ಆಮೇಲೆ ಡಾಕರ್ ಕಂಪೋಸ್ ಅಪ್ (ಡಬ್ಬಿಗಳನ್ನು ಚಾಲೂ ಮಾಡಲು), ಕಂಪೋಸರ್ ಅಪ್‌ಡೇಟ್ (ಬೇಕಾದ ಪಿಎಚ್‌ಪಿ ಕೋಡ್ ತರಿಸಲು), ಕೊನೆಗೆ ಇನ್‌ಸ್ಟಾಲ್ ಸ್ಕ್ರಿಪ್ಟ್. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 ತೆರೆದರೆ ನಿಮ್ಮದೇ ವಿಕಿ. ಮಾಹಿತಿಯೆಲ್ಲ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಕೂರುತ್ತದೆ. ಬೇರೆ ಡೇಟಾಬೇಸ್ ಹಾಕುವ ತಲೆನೋವು ಬೇಡ. 8080ರಲ್ಲಿ ಬೇರೇನೋ ಓಡುತ್ತಿದ್ದರೆ 8081 ಮಾಡಿ, ಆದರೆ ಇಎನ್‌ವಿ ಕಡತದಲ್ಲಿ ಪೋರ್ಟ್ ಮತ್ತು ಸರ್ವರ್ ವಿಳಾಸ ಎರಡನ್ನೂ ಬದಲಿಸಬೇಕು.

ಇಂಗ್ಲಿಷಿನಲ್ಲಿ ಎಲ್ಲ ಸರಿಯಾಗಿ ಓಡಿದ ಮೇಲೆ ಒಂದು ಕೆಲಸ ತಪ್ಪದೇ ಮಾಡಿ. ವಿಕಿಯ ಸೆಟ್ಟಿಂಗ್‌ಗಳಿರುವ ಲೋಕಲ್‌ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯ ಸಂಕೇತವನ್ನು ‘ಕೆಎನ್’ ಮಾಡಿ. ಮುಖಪುಟ ಖಾಲಿ ಕಂಡರೆ ಗಾಬರಿ ಬೇಡ. ವಿಕಿ ಈಗ ‘ಮುಖ್ಯ ಪುಟ’ ಎಂಬ ಹೆಸರಿನ ಪುಟ ಹುಡುಕುತ್ತಿದೆ, ಅದನ್ನು ನೀವಿನ್ನೂ ಬರೆದಿಲ್ಲ, ಅಷ್ಟೆ. ಕನ್ನಡದವರು ಬರೆಯುವ ಕೋಡ್ ಕನ್ನಡದಲ್ಲಿ ಪರೀಕ್ಷೆಯಾಗದೆ ಹೋಗುವುದು ನನಗೆ ಸುಮ್ನೆ ಸಿಟ್ಟು ತರಿಸುತ್ತದೆ. ಒಂದು ಉದಾಹರಣೆ: ಕನ್ನಡ ವಿಕಿಯಲ್ಲಿ ಅಂಕಿಗಳು ೧, ೨, ೩ ಎಂದು ಮೂಡುತ್ತವೆ. ಪರದೆ ಮೇಲಿನ ೧೨ ಅನ್ನು ಎತ್ತಿ ಅಕ್ಷರಗಳನ್ನು ಸಂಖ್ಯೆಯಾಗಿ ಬದಲಿಸುವ ಜಾವಾಸ್ಕ್ರಿಪ್ಟಿನ ಪಾರ್ಸ್‌ಇಂಟ್‌ಗೆ ಕೊಟ್ಟರೆ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಇಂಗ್ಲಿಷ್ ವಿಕಿಯಲ್ಲಿ ನೂರು ಸಲ ಪರೀಕ್ಷಿಸಿದರೂ ಈ ತಪ್ಪು ಸಿಗಲ್ಲ.

ಪ್ರಶ್ನೆ: ಎಲ್ಲ ಹಾಕಿದೆ. ಪುಟ ತೆರೆಯಿತು, ಆದರೆ ಬೋಳು ಬೋಳಾಗಿದೆ. ಮೆನು ಇಲ್ಲ, ವಿನ್ಯಾಸ ಇಲ್ಲ. ಎಲ್ಲಿ ಕೆಟ್ಟಿತು?
— ಓದುಗರು, ಧಾರವಾಡ

ಏನೂ ಕೆಟ್ಟಿಲ್ಲ. ಗಿಟ್‌ನಿಂದ ಮೂಲ ಕೋಡ್ ಮಾತ್ರ ಬಂದಿದೆ, ಪುಟಕ್ಕೆ ವಿನ್ಯಾಸ ಕೊಡುವ ಸ್ಕಿನ್‌ಗಳು ಬೇರೆ ಬೇರೆ ಕಣಜಗಳಲ್ಲಿ (ರೆಪಾಸಿಟರಿ) ಇವೆ. ವೆಕ್ಟರ್ ಎಂಬುದನ್ನು ಸ್ಕಿನ್ಸ್ ಫೋಲ್ಡರಿನೊಳಗೆ ಕ್ಲೋನ್ ಮಾಡಿ, ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಲೋಡ್ ಮಾಡುವ ಒಂದು ಸಾಲು ಸೇರಿಸಿ. ಬೋಳು ಪುಟದಲ್ಲಿರುವ ಸೂಚನೆಯೂ ಇದನ್ನೇ ಹೇಳುತ್ತಿದೆ. ಓದಿದ್ದರೆ ಅಂಚೆ ಖರ್ಚು ಉಳಿಯುತ್ತಿತ್ತು, ಅಲ್ವಾ?

ಪ್ರಶ್ನೆ: ಕನ್ನಡ ವಿಕಿಪೀಡಿಯದ ಕೆಲವು ಪುಟಗಳನ್ನು ನನ್ನ ವಿಕಿಗೆ ತಂದೆ. ಊರುಗಳ ವರ್ಗದಲ್ಲಿ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ ಬರುತ್ತಿದೆ. ನಾನು ಮಕ್ಕಳಿಗೆ ಕಲಿಸುವುದು ‘ಹ’ ಆದ ಮೇಲೆ ‘ಳ’. ಜೊತೆಗೆ ಪುಟದ ತುಂಬ ‘ಹ್ಯಾಶ್ ಇಫ್’ ಎಂಬ ಗೀಚು ಬೇರೆ.
— ಶಿಕ್ಷಕರು, ಹೊಸಪೇಟೆ

ನೀವು ಕಲಿಸುವುದೇ ಸರಿ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ‘ಲ’ ಆದ ತಕ್ಷಣ ‘ಳ’ ಇದೆ, ‘ವ, ಶ, ಷ, ಸ, ಹ’ ಅದರ ನಂತರ. ಮೀಡಿಯಾವಿಕಿ ತಾನಾಗಿ ವರ್ಗಗಳನ್ನು ಜೋಡಿಸುವುದು ಈ ಪಟ್ಟಿಯ ಸಂಕೇತಗಳ ಕ್ರಮದಲ್ಲಿ. ಹಾಗಾಗಿ ‘ಬಳ್ಳಾ’ ಮುಂದೆ ಬಂತು, ‘ಬಸ’ ಹಿಂದೆ ಬಿತ್ತು. ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಕ್ಯಾಟಗರಿ ಕೊಲೇಶನ್ (ವರ್ಗಗಳ ಅಕ್ಷರಕ್ರಮ) ಎಂಬುದಕ್ಕೆ ‘ಯುಸಿಎ-ಕೆಎನ್’ ಎಂಬ ಬೆಲೆ ಕೊಡಿ. ಅದಾದ ಮೇಲೆ ಅಪ್‌ಡೇಟ್‌ಕೊಲೇಶನ್ ಎಂಬ ನಿರ್ವಹಣಾ ಸ್ಕ್ರಿಪ್ಟ್ ಓಡಿಸಬೇಕು. ಓಡಿಸದಿದ್ದರೆ ಹಳೆಯ ಪುಟಗಳು ಹಳೆಯ ಕ್ರಮದಲ್ಲೇ ಉಳಿದು, ಸೆಟ್ಟಿಂಗ್ ಕೆಲಸ ಮಾಡುತ್ತಿಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಈ ಕ್ರಮಕ್ಕೆ ಪಿಎಚ್‌ಪಿಯ ಇಂಟ್ಲ್ ಜೋಡಣೆ ಬೇಕು, ಡಾಕರಿನಲ್ಲಿ ಅದು ಇದ್ದೇ ಇರುತ್ತದೆ.

ಗೀಚಿಗೆ ಕಾರಣ ಟೆಂಪ್ಲೇಟುಗಳು, ಅಂದರೆ ಹಲವು ಪುಟಗಳಲ್ಲಿ ಮತ್ತೆ ಮತ್ತೆ ಬಳಸುವ ಸಿದ್ಧ ತುಣುಕುಗಳು. ಅವು ಪಾರ್ಸರ್‌ಫಂಕ್ಷನ್ಸ್ ಮತ್ತು ಸ್ಕ್ರಿಬುಂಟೊ ಎಂಬ ವಿಸ್ತರಣೆಗಳನ್ನು ನಂಬಿಕೊಂಡಿವೆ. ಸ್ಕಿನ್ ತಂದ ಹಾಗೇ ಇವನ್ನೂ ಎಕ್ಸ್‌ಟೆನ್ಶನ್ಸ್ ಫೋಲ್ಡರಿಗೆ ತನ್ನಿ. ಪುಟ ರಫ್ತು ಮಾಡುವಾಗ ‘ಟೆಂಪ್ಲೇಟುಗಳನ್ನೂ ಸೇರಿಸು’ ಎಂಬುದಕ್ಕೆ ಗುರುತು ಹಾಕಿರಬೇಕು. ಇಡೀ ವಿಕಿಪೀಡಿಯದ ಡಂಪ್ (ಎಲ್ಲ ಪುಟಗಳ ಒಟ್ಟು ಪ್ರತಿ) ಇಳಿಸಲು ಮಾತ್ರ ಹೋಗಬೇಡಿ. ಕೋಡ್ ಪರೀಕ್ಷೆಗೆ ಹತ್ತಿಪ್ಪತ್ತು ಪುಟ ಸಾಕು.

ಪ್ರಶ್ನೆ: ವಿಕಿಪೀಡಿಯದ ಒಂದು ಗುಂಡಿಯ ಮೇಲಿನ ಕನ್ನಡ ವಿಚಿತ್ರವಾಗಿದೆ. ಅದನ್ನು ತಿದ್ದಲು ಇಷ್ಟೆಲ್ಲ ಮಾಡಬೇಕಾ?
— ಗೃಹಿಣಿ, ಮೈಸೂರು

ಬೇಡವೇ ಬೇಡ. ಪುಟದ ವಿಳಾಸದ ಕೊನೆಗೆ ‘ಯೂಸ್‌ಲ್ಯಾಂಗ್’ ಸಮ ‘ಕ್ಯುಕ್ಯುಎಕ್ಸ್’ ಎಂದು ಸೇರಿಸಿ. ವಿಳಾಸದಲ್ಲಿ ಆಗಲೇ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಆಂಪರ್‌ಸ್ಯಾಂಡ್ ಬಳಸಿ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಕನ್ನಡದ ಬದಲು ಪ್ರತಿ ಸಂದೇಶದ ಒಳಹೆಸರು ಕಾಣುತ್ತದೆ. ಆ ಹೆಸರನ್ನು ಅನುವಾದಗಳ ತಾಣ ಟ್ರಾನ್ಸ್‌ಲೇಟ್‌ವಿಕಿ ಡಾಟ್ ನೆಟ್‌ನಲ್ಲಿ ಹುಡುಕಿ ಅಲ್ಲೇ ತಿದ್ದಿ. ಕೋಡಿನ ಕನ್ನಡ ಕಡತಕ್ಕೆ ನೇರವಾಗಿ ಕೈ ಹಾಕುವ ಪದ್ಧತಿ ಇಲ್ಲ. ತಿದ್ದುಪಡಿಗಳು ಅಲ್ಲಿಂದಲೇ ಕೋಡಿಗೆ ಹರಿದು ಬರುತ್ತವೆ.

ಪ್ರಶ್ನೆ: ನನ್ನ ವಿಕಿಯ ಲಿಂಕನ್ನು ಸ್ನೇಹಿತನಿಗೆ ವಾಟ್ಸಾಪ್ ಮಾಡಿದೆ. ಅವನಿಗೆ ತೆರೆಯುತ್ತಿಲ್ಲ.
— ವಿದ್ಯಾರ್ಥಿ, ತುಮಕೂರು

ಲೋಕಲ್‌ಹೋಸ್ಟ್ ಎಂದರೆ ಆ ಲಿಂಕ್ ಒತ್ತಿದವರ ಸ್ವಂತ ಯಂತ್ರ. ಅವನ ಫೋನು ಅವನ ಫೋನಿನಲ್ಲೇ ವಿಕಿ ಹುಡುಕುತ್ತಿದೆ. ನಿಮ್ಮ ವಿಕಿಯನ್ನು ಹೊರಜಗತ್ತಿಗೆ ತೆರೆಯುವ ದಾರಿ ಹುಡುಕಬೇಡಿ. ಅಡ್ಮಿನ್ ಪಾಸ್‌ವರ್ಡ್ ‘ಡಾಕರ್‌ಪಾಸ್’ ಎಂದು ಡೆವಲಪರ್ಸ್ ಡಾಟ್ ಎಂಡಿ ಕಡತದಲ್ಲೇ ಬರೆದಿದೆ, ಅದು ಎಲ್ಲರಿಗೂ ಗೊತ್ತು. ಕೋಡಿನಲ್ಲಿ ಮಾಡಿದ ಬದಲಾವಣೆಯನ್ನು, ಕೋಡ್ ಪರಿಶೀಲನೆ ನಡೆಯುವ ತಾಣವಾದ ಗೆರಿಟ್‌ಗೆ ಪ್ಯಾಚ್ (ತಿದ್ದುಪಡಿ) ಆಗಿ ಕಳಿಸಿ. ಆಮೇಲೆ ವಿಕಿಮೀಡಿಯದ ಪ್ಯಾಚ್ ಡೆಮೊ ಎಂಬ ಸೇವೆಗೆ ಆ ಪ್ಯಾಚಿನ ಸಂಖ್ಯೆ ಕೊಟ್ಟರೆ ಪುಟ್ಟ ವಿಕಿಯೊಂದನ್ನು ಅದೇ ಕಟ್ಟಿಕೊಡುತ್ತದೆ. ಸ್ನೇಹಿತನಿಗೆ ಆ ಲಿಂಕ್ ಕಳಿಸಿ.