ಹೀಬ್ರೂ ಧರ್ಮಗ್ರಂಥದಲ್ಲಿ ದೇವರು ಪ್ರವಾದಿಗಳೊಂದಿಗೆ ಹೇಗೆ ಮಾತನಾಡುತ್ತಾನೆ? ಅದು ದೇವರದೇ ಮಾತೆಂದು ಅವರಿಗೆ ಹೇಗೆ ತಿಳಿಯುತ್ತದೆ?

ಒಂದೇ ರೀತಿ ಇಲ್ಲ. ಬೈಬಲಿನ ‘ಅರಣ್ಯಕಾಂಡ’ ಎಂಬ ಪುಸ್ತಕದ 12ನೇ ಅಧ್ಯಾಯದ ಪ್ರಕಾರ ಸಾಮಾನ್ಯ ಪ್ರವಾದಿಗೆ ದರ್ಶನ, ಕನಸು; ಮೋಶೆಯೊಂದಿಗೆ ಮಾತ್ರ ಮುಖಾಮುಖಿ ಮಾತು. ಬಾಲಕ ಸಮುವೇಲನಿಗೆ ಕೇಳಿಸಿದ ದನಿ ಎಷ್ಟು ಸಹಜವಾಗಿತ್ತೆಂದರೆ, ಕರೆದವನು ಯಾಜಕ ಏಲಿಯೇ ಎಂದುಕೊಂಡು ಮೂರು ಸಲ ಅವನ ಬಳಿಗೆ ಓಡಿದ.

ನಿಮ್ಮ ಎರಡನೆಯ ಪ್ರಶ್ನೆಗೆ ಪ್ರವಾದಿ ಯೆರೆಮೀಯನನ್ನೇ ಓದಬೇಕು. ಬಾಬಿಲೋನಿನ ಸೇನೆ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಅವನು ಸೆರೆಯಲ್ಲಿದ್ದಾನೆ. ಚಿಕ್ಕಪ್ಪನ ಮಗ ಹನಮೇಲ ತಮ್ಮೂರು ಅನಾತೋತಿನ ಹೊಲ ಮಾರಲು ಬರುತ್ತಾನೆಂಬ ಮಾತು ದೇವರಿಂದ ಬರುತ್ತದೆ. ಹನಮೇಲ ನಿಜವಾಗಿಯೂ ಬಂದಾಗಲೇ, ಅದು ದೇವರ ಮಾತೆಂದು ತನಗೆ ಗೊತ್ತಾಯಿತು ಎನ್ನುತ್ತಾನೆ ಯೆರೆಮೀಯ. 17 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ ತೂಗಿ, ಶತ್ರುವಿನ ಪಾಲಾಗಲಿರುವ ನೆಲವನ್ನು ಕೊಂಡು, ಪತ್ರಕ್ಕೆ ಮುದ್ರೆ ಹಾಕುತ್ತಾನೆ. ಆಮೇಲೆ ‘ಇದೇಕೆ?’ ಎಂದು ದೇವರನ್ನೇ ಪ್ರಾರ್ಥನೆಯಲ್ಲಿ ಕೇಳುತ್ತಾನೆ! ಪ್ರವಾದಿ ಬರಿಯ ಕೊಳವೆಯಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಂಡಿಲ್ಲ.

ಕೇಳಿದೊಡನೆ ಉತ್ತರ ಸಿಗುತ್ತದೆಂದೂ ಇಲ್ಲ. ನಗರ ಬಿದ್ದ ಮೇಲೆ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಕೆಂದಿದ್ದ ಜನ ದೇವರ ಮಾರ್ಗವನ್ನು ಕೇಳಿ ತಿಳಿಸೆಂದಾಗ, ಯೆರೆಮೀಯನಿಗೆ ಉತ್ತರ ಬಂದದ್ದು ಹತ್ತು ದಿನಗಳ ನಂತರ. ಹೋಗಬೇಡಿ ಎಂಬುದು ಉತ್ತರ. ಜನ ಹೋದರು, ಅವನನ್ನೂ ಕರೆದೊಯ್ದರು.