ಹಳೇ ಪತ್ರದ ಫ್ರೇಸರ್‌ಪೇಟೆ ಯಾವುದು?

ಪ್ರಶ್ನೆ: ನಮ್ಮ ತಾತನ ಕಾಲದ ಕ್ರಯಪತ್ರದಲ್ಲಿ ಊರಿನ ಹೆಸರು ‘ಫ್ರೇಸರ್‌ಪೇಟೆ’ ಎಂದಿದೆ. ಅದರಲ್ಲಿರುವ ಬೀದಿ ಯಾವುದೆಂದು ಈಗ ಯಾರೂ ಹೇಳುತ್ತಿಲ್ಲ. ಕುಶಾಲನಗರ ಎಂಬ ಹೆಸರು ಹೈದರಾಲಿ ಇಟ್ಟದ್ದಂತೆ, ನಿಜವೇ? ಜಾಗ ಗುರುತಿಸುವುದು ಹೇಗೆ?
– ಓದುಗರು, ಕೂಡ್ಲೂರು

ಉತ್ತರ: ಫ್ರೇಸರ್‌ಪೇಟೆ ಎಂದರೆ ಕುಶಾಲನಗರವೇ. 1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ರಾಜ್ಯ ಕಂಪನಿ ಸರ್ಕಾರದ ಪಾಲಾದಾಗ ಇಲ್ಲಿದ್ದ ಕರ್ನಲ್ ಫ್ರೇಸರ್ ಹೆಸರು ಅದು. ಕೊಡಗಿನ ಮೇಲೆ ದಂಡೆತ್ತಿ ಬಂದಿದ್ದ ಹೈದರನಿಗೆ ಮಗ ಟಿಪ್ಪು ಹುಟ್ಟಿದ ಕುಶಾಲ ಸುದ್ದಿ ಇಲ್ಲಿ ಸಿಕ್ಕಿತು, ಅದಕ್ಕೇ ಈ ಹೆಸರು ಎಂಬ ಕಥೆ ಇಸವಿಗೆ ಹೊಂದುವುದಿಲ್ಲ. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ಹೈದರ್ ಮೈಸೂರಿನ ಅಧಿಕಾರ ಹಿಡಿದದ್ದು 1761ರಲ್ಲಿ, ಕೊಡಗಿನ ಮೇಲೆ ಬಂದದ್ದು ಅದಕ್ಕೂ ಆಮೇಲೆ. ನಿಮ್ಮ ನೆರೆಯ ಕೂಡಿಗೆಯ ಹೆಸರಿಗೆ ಇಂಥ ಗೊಂದಲವಿಲ್ಲ, ಹಾರಂಗಿ ಕಾವೇರಿಯನ್ನು ಕೂಡುವ ಜಾಗ ಅದು.

ಇನ್ನು ಬೀದಿ. ಅದರ ಹೆಸರು ಹಿಡಿದು ಹುಡುಕಬೇಡಿ. ಬೀದಿಗೆ ಹೆಸರಿಡುವುದು ಓಡಾಡುವ ಜನ. ಕಾಫಿ ಕ್ಯೂರಿಂಗ್ ಕಾರ್ಖಾನೆ ಕೈ ಬದಲಾದರೆ ಅದರ ಗೇಟಿನ ಮುಂದಿನ ರಸ್ತೆಯ ಹೆಸರೂ ಹೋಗುತ್ತದೆ. ಪತ್ರದಲ್ಲಿರುವ ಸರ್ವೆ ನಂಬರ್ ಮತ್ತು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಬರೆದುಕೊಳ್ಳಿ. ಆ ನಂಬರಿನ ಮೇಲೆ ಗ್ರಾಮನಕ್ಷೆ, ಟಿಪ್ಪಣಿ (ಜಾಗದ ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನಕಲು ಕೇಳಿ. ನಂಬರ್ ಹಿಸ್ಸೆಯಾಗಿದ್ದರೆ, ಅಂದರೆ ಪಾಲಾಗಿದ್ದರೆ, ಮೂಲ ನಂಬರಿನ ಟಿಪ್ಪಣಿಯೂ ಬೇಕು. ಆಸ್ತಿಯ ಮಾರಾಟ, ಸಾಲದ ನೋಂದಣಿ ತೋರಿಸುವ ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಅದಕ್ಕಿಂತ ಹಳೆಯದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ಅಲ್ಲಿ ‘ಫ್ರೇಜರ್‌ಪೇಟೆ’, ‘ಪ್ರೇಸರಪೇಟೆ’ ಎಂದೂ ಬರೆದಿರಬಹುದು, ಒಂದೇ ಕಾಗುಣಿತಕ್ಕೆ ಅಂಟಿಕೊಂಡರೆ ಪತ್ರ ಕೈತಪ್ಪುತ್ತದೆ.

ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಮನೆ’ ಎಂದಷ್ಟೇ ಇದ್ದರೆ ಆ ನೆರೆಯವರ ಪತ್ರದ ಚೆಕ್ಕುಬಂದಿಯನ್ನೂ ನೋಡಿ. ಅದರಲ್ಲಿ ಪಶ್ಚಿಮಕ್ಕೆ ನಿಮ್ಮ ತಾತನ ಹೆಸರಿದ್ದರೆ ಜಾಗ ಅದೇ.

ಜನ ಹೆಚ್ಚು ಎಡವುವುದು ವಿಸ್ತೀರ್ಣದಲ್ಲಿ. ಕೊಡಗಿನ ಪತ್ರಗಳು ಸೆಂಟ್ ಲೆಕ್ಕದವು, ಮೈಸೂರು ಕಡೆಯವು ಗುಂಟೆ ಲೆಕ್ಕದವು. ಎಕರೆಗೆ 100 ಸೆಂಟ್, 40 ಗುಂಟೆ. ಅಂದರೆ ಗುಂಟೆಗೆ ಎರಡೂವರೆ ಸೆಂಟ್. ಪತ್ರದಲ್ಲಿ ‘0–25’ (ಸೊನ್ನೆ ಎಕರೆ, 25) ಎಂದಿದ್ದರೆ, ಅದು 25 ಸೆಂಟ್ ಆದರೆ ಕಾಲು ಎಕರೆ, 25 ಗುಂಟೆ ಆದರೆ 62.5 ಸೆಂಟ್. ಗಡಿ ತಕರಾರಿಗೆ ಇಷ್ಟು ಸಾಕು! ಅಂಕಿಯ ಪಕ್ಕದ ‘ಸೆಂಟ್’ ಅಥವಾ ‘ಗುಂಟೆ’ ಪದ ಮಾಸಿದ್ದರೆ ಟಿಪ್ಪಣಿಯ ಅಳತೆಯಿಂದಲೇ ನಿರ್ಧರಿಸಿ, ಊಹೆಯಿಂದ ಬೇಡ.

ಜಾಗ ಕೂಡ್ಲೂರು ಕೈಗಾರಿಕಾ ಪ್ರದೇಶದೊಳಗೆ ಸೇರಿಹೋಗಿದ್ದರೆ ಹೊಸ ನಿವೇಶನ ಸಂಖ್ಯೆ ಮಾತ್ರ ಸಾಲದು. ಬಡಾವಣೆ ನಕ್ಷೆಯನ್ನು ಗ್ರಾಮನಕ್ಷೆಯ ಪಕ್ಕ ಇಟ್ಟು, ಯಾವ ನಿವೇಶನ ಯಾವ ಹಳೇ ಸರ್ವೆ ನಂಬರಿನ ಮೇಲೆ ಬಿದ್ದಿದೆ ಎಂದು ಗುರುತು ಹಾಕಿಸಿಕೊಳ್ಳಿ.